ಮಧ್ಯರಾತ್ರಿಗೆ ಬರುವ ಸೆಮಾರ್: ಜಾವಾದ ತೊಗಲು ಗೊಂಬೆಯಾಟ

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಹೆಚ್ಚಿನ ಜನ ಮುಸ್ಲಿಮರು. ಆದರೂ ಅಲ್ಲಿ ಮದುವೆಗೆ, ಊರ ಹಬ್ಬಕ್ಕೆ ರಾತ್ರಿಯಿಡೀ ಮಹಾಭಾರತದ ಆಟ ಆಡಿಸ್ತಾರೆ. ಈ ಆಟದ ಹೆಸರು ವಯಾಂಗ್ ಕುಲಿತ್. ಕುಲಿತ್ ಅಂದ್ರೆ ಚರ್ಮ. ಸಾವಿರ ವರ್ಷಕ್ಕೂ ಹಳೆಯ ಜಾವಾ ಶಾಸನಗಳಲ್ಲೇ ವಯಾಂಗ್ ಅನ್ನೋ ಪದ ಇದೆ. 2003ರಲ್ಲಿ ಯುನೆಸ್ಕೊ ಇದಕ್ಕೆ ಮನ್ನಣೆ ಕೊಟ್ಟಿತು. ಇಷ್ಟು ಹಳೆಯ ಆಟವನ್ನ ಜನ ಇವತ್ತಿಗೂ ಯಾಕೆ ನೋಡ್ತಾರೆ? ಅದರ ರಚನೆಯಲ್ಲೇ ಒಂದು ಉತ್ತರ ಇದೆ.

ಒಬ್ಬರೇ ದಲಾಂಗ್

ಗೊಂಬೆ ಆಡಿಸುವವರನ್ನ ದಲಾಂಗ್ ಅಂತಾರೆ. ಬಿಳಿ ಪರದೆ, ಅದರ ಮೇಲೊಂದು ದೀಪ, ಕೆಳಗೆ ಗೊಂಬೆಗಳನ್ನ ಚುಚ್ಚಿ ನಿಲ್ಲಿಸೋಕೆ ಬಾಳೆ ದಿಂಡು. ಗೊಂಬೆಗಳು ಎಮ್ಮೆ ಚರ್ಮದವು. ಎಲ್ಲಾ ಪಾತ್ರಗಳ ಮಾತೂ ದಲಾಂಗ್ ಒಬ್ಬರದ್ದೇ. ಕೈಯಲ್ಲಿ ಗೊಂಬೆ ಇರುವಾಗಲೇ ಕಾಲಿನಿಂದ ಲೋಹದ ಫಲಕಗಳನ್ನ ಬಡಿದು, ಹಿಂದೆ ಕೂತ ಗಾಮೆಲಾನ್ ವಾದ್ಯದವರಿಗೆ ಸನ್ನೆ ಕೊಡ್ತಾರೆ. ಅಂದ್ರೆ ನಟ, ನಿರ್ದೇಶಕ, ಮ್ಯೂಸಿಕ್ ಕಂಡಕ್ಟರ್ ಮೂವರೂ ಅವರೇ.

ರಾತ್ರಿಯ ಮೂರು ಭಾಗ

ಆಟ ರಾತ್ರಿ ಸುಮಾರು 9ಕ್ಕೆ ಶುರುವಾದ್ರೆ ಮುಗಿಯೋದು ಬೆಳಗಿನ ಜಾವಕ್ಕೆ. ಸಂಗೀತದ ಶ್ರುತಿಭಾವದ ಪ್ರಕಾರ ಇದಕ್ಕೆ ಮೂರು ಭಾಗ: ನೆಮ್, ಸಂಗ, ಮನ್ಯುರ. ಮೊದಲ ಭಾಗದಲ್ಲಿ ಅರಮನೆ, ಮಂತ್ರಾಲೋಚನೆ, ಸಮಸ್ಯೆಯ ಆರಂಭ. ಕೊನೆಯ ಭಾಗದಲ್ಲಿ ಯುದ್ಧ, ಪರಿಹಾರ. ಈ ಚೌಕಟ್ಟು ಬದಲಾಗಲ್ಲ.

ನಡುವೆ, ಮಧ್ಯರಾತ್ರಿ ಹೊತ್ತಿಗೆ, ಗೋರೊ-ಗೋರೊ ಅನ್ನೋ ದೃಶ್ಯ ಬರುತ್ತೆ. ಲೋಕವೆಲ್ಲಾ ಅಲ್ಲೋಲಕಲ್ಲೋಲ ಆಗಿದೆ ಅಂತ ದಲಾಂಗ್ ವರ್ಣಿಸ್ತಾರೆ. ಆಮೇಲೆ ಪಾಂಡವರ ಸೇವಕ ಸೆಮಾರ್ ಮತ್ತು ಅವನ ಮಕ್ಕಳಾದ ಗಾರೆಂಗ್, ಪೆತ್ರುಕ್, ಬಾಗೊಂಗ್ ಬರ್ತಾರೆ. ವ್ಯಾಸರ ಮಹಾಭಾರತದಲ್ಲಿ ಇವರು ಇಲ್ಲ, ಜಾವಾದವರೇ ಸೇರಿಸಿದ್ದು. ಇವರು ಆಡು ಮಾತಲ್ಲಿ ಜೋಕ್ ಮಾಡ್ತಾರೆ, ಬೆಲೆಯೇರಿಕೆ, ರಾಜಕೀಯ, ಊರ ಸುದ್ದಿ ಎಲ್ಲಾ ಎಳೆದು ತರ್ತಾರೆ. ಅರ್ಜುನ ಹೇಳೋಕಾಗದ ಮಾತನ್ನ ಪೆತ್ರುಕ್ ಹೇಳಬಹುದು.

ಸೆಮಾರ್ ನೋಡೋಕೆ ಗುಜ್ಜ, ದೊಡ್ಡ ಹೊಟ್ಟೆ. ಆದರೆ ಅವನು ಭೂಮಿಗೆ ಇಳಿದು ಬಂದ ದೇವರು, ದೇವತೆಗಳೂ ಅವನಿಗೆ ಹೆದರ್ತಾರೆ ಅನ್ನೋದು ಜಾವಾದ ನಂಬಿಕೆ. ಎಲ್ಲರಿಗಿಂತ ಕೆಳಗಿರುವವನೇ ಎಲ್ಲರಿಗಿಂತ ದೊಡ್ಡವನು.

ಆಟವೇ ಪೂಜೆ ಆದಾಗ

ಇದೇ ದಲಾಂಗ್ ಕೆಲವೊಮ್ಮೆ ಪುರೋಹಿತರ ಕೆಲಸವನ್ನೂ ಮಾಡ್ತಾರೆ. ಒಂಟಿ ಮಗು, ಐದು ಗಂಡುಮಕ್ಕಳು, ಇಂಥವರಿಗೆ ಬಟಾರ ಕಾಲ ಅನ್ನೋ ರಾಕ್ಷಸನ ಕಾಟ ಇದೆ ಅಂತ ನಂಬಿಕೆ. ಅದನ್ನ ಕಳೆಯೋಕೆ ರುವಾತಾನ್ ಮಾಡಿಸ್ತಾರೆ. ಇಲ್ಲಿ ಕಥೆ ದಲಾಂಗ್ ಆಯ್ಕೆ ಅಲ್ಲ, ಕಾಲನ ಹುಟ್ಟಿನ ಕಥೆಯನ್ನೇ ಆಡಿಸಬೇಕು. ಅದರಲ್ಲಿ ವಿಷ್ಣು ದಲಾಂಗ್ ವೇಷದಲ್ಲಿ ಬಂದು ಮಕ್ಕಳನ್ನ ಕಾಪಾಡ್ತಾನೆ. ಕೊನೆಗೆ ಮಗುವಿನ ಕೂದಲು ಸ್ವಲ್ಪ ಕತ್ತರಿಸ್ತಾರೆ.

ನಮ್ಮಲ್ಲಿ?

ಕರ್ನಾಟಕದ ತೊಗಲು ಗೊಂಬೆಯಾಟದಲ್ಲೂ ರಾಮಾಯಣ, ಮಹಾಭಾರತವೇ ಮುಖ್ಯ. ಅಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸ್ತಾರೆ. ಕಾಲೇಜ್ ಫೆಸ್ಟ್‌ಗಳಲ್ಲಿ ನಾವು ಜಾನಪದ ಕಲೆಗೆ ಹತ್ತು ನಿಮಿಷ ಕೊಡ್ತೀವಿ. ಆಗ ಮೊದಲು ಕತ್ತರಿ ಬೀಳೋದು ಹಾಸ್ಯಗಾರನ ಭಾಗಕ್ಕೆ, ಅದು ಕಥೆಗೆ ಬೇಕಿಲ್ಲ ಅಂತ. ಜಾವಾದ ಆಟ ಕಲಿಸೋದು ಇದಕ್ಕೆ ತದ್ವಿರುದ್ಧ. ಹಳೆಯ ಕಥೆಯೊಳಗೆ ಇವತ್ತಿನ ಮಾತಿಗೆ ಜಾಗ ಇರೋದೇ ಆ ಭಾಗದಲ್ಲಿ. ಅದನ್ನ ತೆಗೆದ್ರೆ ಉಳಿಯೋದು ಬರೀ ಪ್ರದರ್ಶನದ ವಸ್ತು.