ಗೊತ್ತಿದ್ದೂ ಸುಮ್ಮನಿರಬೇಡ

ಪುಟ್ಟೀ, ಮಾರ್ಚಿನಿಂದ ಆರು ತಿಂಗಳು ಸ್ಟುಟ್‌ಗಾರ್ಟಿನಲ್ಲಿ ಇಂಟರ್ನ್‌ಶಿಪ್ ಅಂತ ನಿನ್ನ ಅಮ್ಮ ಫೋನ್ ಮಾಡಿ ಹೇಳಿದಳು. ಚಳಿಗೆ ಏನು ಹಾಕಿಕೊಳ್ಳಬೇಕು, ಚಟ್ನಿಪುಡಿ ಎಷ್ಟು ಒಯ್ಯಬೇಕು ಅನ್ನುವುದನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಬೆಂಗಳೂರಿನಲ್ಲೂ ಆ ಊರಿನಲ್ಲೂ ಟೆಸ್ಟಿಂಗ್ ಲ್ಯಾಬುಗಳಲ್ಲೇ ಸರ್ವಿಸ್ ಕಳೆದ ನಿನ್ನ ಅತ್ತೆಯಾಗಿ ನಾನು ಹೇಳಬೇಕಾದ್ದು ಬೇರೆ ಇದೆ. ನಮ್ಮ ಕಡೆಯಿಂದ ಬಂದ ಎಷ್ಟೋ ಜಾಣ ಮಕ್ಕಳು ಅಲ್ಲಿ ಕೆಲಸ ಚೆನ್ನಾಗಿ ಗೊತ್ತಿದ್ದೂ ಬಾಯಿ ಬಿಡದೆ ಹಿಂದೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಂಡ್ಯ ಕಡೆಯ ಒಬ್ಬ ಹುಡುಗನಿದ್ದ. ಪಂಪಿನ ಬ್ರಾಕೆಟ್ಟುಗಳನ್ನು ಜೋಡಿಸಿ ವೈಬ್ರೇಶನ್ ಟೆಸ್ಟಿಗೆ ಕೂರಿಸುವುದು ಅವನ ಕೆಲಸ. ಸೂಚನೆಯ ಹಾಳೆಯಲ್ಲಿ ಬೋಲ್ಟನ್ನು 12 ನ್ಯೂಟನ್ ಮೀಟರ್ ಟಾರ್ಕಿಗೆ ಬಿಗಿಯಬೇಕು ಅಂತಿತ್ತು, ಡ್ರಾಯಿಂಗಿನಲ್ಲಿ 10. ಮೊದಲ ವಾರದಲ್ಲೇ ಅದು ಅವನ ಕಣ್ಣಿಗೆ ಬಿದ್ದಿತ್ತು. ಹಾಳೆಯ ಕೆಳಗೆ ಇದ್ದದ್ದು ಆ ವಿಭಾಗದ ಅತ್ಯಂತ ಹಿರಿಯ ಎಂಜಿನಿಯರರ ಸಹಿ. ಅಷ್ಟು ದೊಡ್ಡವರು ಬರೆದದ್ದು, ಏನೋ ಕಾರಣ ಇರಬೇಕು ಅಂದುಕೊಂಡು ಹಾಳೆಯ ಪ್ರಕಾರವೇ ಬಿಗಿಯುತ್ತ ಹೋದ. ಮುಂದಿನ ತಿಂಗಳು ಬೇರೆ ಯಾರೋ ಕಂಡುಹಿಡಿದರು. ಜೋಡಿಸಿದ್ದನ್ನೆಲ್ಲ ಬಿಚ್ಚಿ ಟೆಸ್ಟನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಹಿರಿಯರು ಮೀಟಿಂಗಿನಲ್ಲಿ ‘ನನ್ನ ತಪ್ಪು’ ಅಂದರು, ಆ ಮಾತು ಅಲ್ಲಿಗೆ ಮುಗಿಯಿತು. ಆದರೆ ಹುಡುಗನಿಗೆ ಮೊದಲೇ ಗೊತ್ತಿತ್ತು ಅನ್ನುವುದು ತಿಳಿದ ಮೇಲೆ ಅವರು ಅವನನ್ನು ನೋಡುವ ರೀತಿಯೇ ಬದಲಾಯಿತು. ಸ್ವತಂತ್ರವಾಗಿ ಮಾಡುವ ಕೆಲಸ ಅವನ ಕೈಗೆ ಮತ್ತೆ ಬರಲಿಲ್ಲ.

ನಮ್ಮಲ್ಲಿ ಹಿರಿಯರೆದುರು ಸುಮ್ಮನಿರುವುದು ಮರ್ಯಾದೆ. ಹಾಗೆಯೇ ಬೆಳೆದವರು ನಾವು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಜರ್ಮನಿಯ ಆಫೀಸಿನಲ್ಲಿ ಸುಮ್ಮನೆ ಕೂತವಳನ್ನು ನೋಡಿ, ಇವಳು ವಿನಯವಂತೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಇವಳಿಗೆ ಇದು ಒಪ್ಪಿಗೆ ಅಂದುಕೊಳ್ಳುತ್ತಾರೆ, ಇಲ್ಲವೇ ಇವಳು ಯೋಚನೆಯನ್ನೇ ಮಾಡಿಲ್ಲ ಅಂದುಕೊಳ್ಳುತ್ತಾರೆ.

ಆ ಹುಡುಗ ಏನು ಮಾಡಬಹುದಿತ್ತು? ಹಾಳೆ, ಡ್ರಾಯಿಂಗ್ ಎರಡನ್ನೂ ಹಿಡಿದುಕೊಂಡು ನೇರ ಆ ಹಿರಿಯರ ಮೇಜಿಗೇ ಹೋಗಬೇಕಿತ್ತು. “ಏಳನೇ ಹಂತದಲ್ಲಿ 12 ಅಂತಿದೆ, ಡ್ರಾಯಿಂಗಿನಲ್ಲಿ 10 ಇದೆ. ನಿನ್ನೆ ನಾಲ್ಕು ಪೀಸನ್ನು 12ಕ್ಕೆ ಬಿಗಿದಿದ್ದೇನೆ. ಯಾವುದು ಸರಿ? ಹಾಳೆ ತಿದ್ದಬೇಕಿದ್ದರೆ ನಾನೇ ತಿದ್ದಿ ನಿಮಗೆ ತೋರಿಸುತ್ತೇನೆ” ಅಂದಿದ್ದರೆ ಸಾಕಿತ್ತು. ಆ ಮಾತಿನಲ್ಲಿ ಯಾರ ಬುದ್ಧಿಯ ಬಗ್ಗೆಯೂ ಏನೂ ಇಲ್ಲ. ಕಂಡದ್ದು, ಮಾಡಿದ್ದು, ಮುಂದೆ ಮಾಡಬಹುದಾದ್ದು ಇಷ್ಟೇ ಇದೆ. ಬಾಸಿಗೆ ಸಿಸಿ ಹಾಕಿ ಮೇಲ್ ಕಳಿಸುವುದು ಮಾತ್ರ ಬೇಡ. ಸಂಬಂಧಪಟ್ಟವರಿಗೆ ಮೊದಲು ಎದುರಿಗೇ ಹೇಳು, ಮೇಲ್ ಏನಿದ್ದರೂ ಆಮೇಲೆ.

ಚಿಕ್ಕವಳ ಪ್ರಶ್ನೆಗೆ ಯಾರು ಬೆಲೆ ಕೊಡುತ್ತಾರೆ ಅಂತ ಕೇಳುತ್ತೀಯ. ನ್ಯೂಯಾರ್ಕಿನ ಸಿಟಿಕಾರ್ಪ್ ಸೆಂಟರ್ ಅನ್ನುವ 59 ಅಂತಸ್ತಿನ ಕಟ್ಟಡದ ಕಥೆ ಓದು. ಕಟ್ಟಿ ಮುಗಿಸಿದ ಮರುವರ್ಷ, 1978ರಲ್ಲಿ, ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯ ಪ್ರಶ್ನೆಯಿಂದಲೇ ತಾನು ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡೆ ಅಂತ ಅದರ ಸ್ಟ್ರಕ್ಚರಲ್ ಎಂಜಿನಿಯರ್ ವಿಲಿಯಂ ಲೆಮೆಷರಿಯರ್ ಸ್ವತಃ ಹೇಳಿಕೊಂಡಿದ್ದಾರೆ. ಮೂಲೆಯ ಕಡೆಯಿಂದ ಬೀಸುವ ಗಾಳಿಯನ್ನು ಲೆಕ್ಕಕ್ಕೆ ಹಿಡಿದಾಗ ಒಳಗಿನ ಬೋಲ್ಟ್ ಜೋಡಣೆಗಳು ಸಾಲವು ಅಂತ ಗೊತ್ತಾಯಿತು. ರಾತ್ರಿ ಹೊತ್ತು ಉಕ್ಕಿನ ಪ್ಲೇಟುಗಳನ್ನು ವೆಲ್ಡ್ ಮಾಡಿಸಿ ಭದ್ರಪಡಿಸಿದರು.

ಇನ್ನು ಹೇಳುವ ಧಾಟಿ. ನಮ್ಮವರು ಧೈರ್ಯ ಮಾಡಿ ಬಾಯಿ ತೆರೆದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ. ‘ತುಂಬಾ ಚೆನ್ನಾಗಿದೆ, ಬಹುಶಃ ಒಂಚೂರು ಇನ್ನೊಮ್ಮೆ ನೋಡಬಹುದೇನೋ’ ಅಂದರೆ ಕೇಳುವ ಜರ್ಮನ್ನನ ಕಿವಿಗೆ ‘ತುಂಬಾ ಚೆನ್ನಾಗಿದೆ’ ಅನ್ನುವುದಷ್ಟೇ ಬೀಳುತ್ತದೆ. ಒಂದೊಂದು ದೇಶದವರು ಟೀಕೆಯನ್ನು ಎಷ್ಟೆಷ್ಟು ಸುತ್ತಿ ಕೊಡುತ್ತಾರೆ ಅನ್ನುವುದನ್ನು ಎರಿನ್ ಮೇಯರ್ 2014ರ ‘ದಿ ಕಲ್ಚರ್ ಮ್ಯಾಪ್’ ಪುಸ್ತಕದಲ್ಲಿ ಚೆನ್ನಾಗಿ ಬಿಡಿಸಿದ್ದಾರೆ, ವಿಮಾನದಲ್ಲಿ ಓದಿಕೋ. ಜಪಾನಿಗೆ ಹೊರಟಿರುವ ನಿನ್ನ ಗೆಳತಿಗೂ ಕೊಡು. ಅಲ್ಲಿ ತುಂಬಿದ ಮೀಟಿಂಗಿನಲ್ಲಿ ತಪ್ಪು ಎತ್ತಿ ಆಡಿದರೆ ಕೆಲಸ ಕೆಡುತ್ತದೆ. ಮೊದಲೇ ಒಬ್ಬೊಬ್ಬರ ಹತ್ತಿರ ಮಾತಾಡಿಟ್ಟುಕೊಳ್ಳಬೇಕು.

ಜರ್ಮನ್ನರು ನಿನಗೆ ಹೇಳುವಾಗ ಮಾತ್ರ ಖಡಾಖಂಡಿತ. ಬೈಯದಿದ್ದರೆ ಅದೇ ಹೊಗಳಿಕೆ ಅನ್ನುವ ಅರ್ಥದ ಗಾದೆಯೇ ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯಲ್ಲಿದೆ. ‘ಈ ರಿಪೋರ್ಟ್ ಸರಿಯಿಲ್ಲ’ ಅಂದವರು ಅರ್ಧ ಗಂಟೆಗೆ ಊಟಕ್ಕೆ ಕರೆಯುತ್ತಾರೆ. ಮನಸ್ಸಿಗೆ ಹಚ್ಚಿಕೊಂಡು ರೂಮಿನಲ್ಲಿ ಕೂತು ಅಳಬೇಡ, ಹೋಗಿ ಊಟ ಮಾಡು.

ಕೊಟ್ಟ ಕೆಲಸದ ಬಗ್ಗೆಯೂ ಹೇಳಲು ಕಲಿ. ಬರೀ ಎಕ್ಸೆಲ್ ಶೀಟ್ ತುಂಬಿಸುವುದೇ ಆಯಿತು ಅಂತ ರಾತ್ರಿ ಅಮ್ಮನಿಗೆ ವಾಟ್ಸ್‌ಆಪ್ ಮಾಡಿದರೆ ಅವಳು ನಿದ್ದೆಗೆಡುತ್ತಾಳೆ ಅಷ್ಟೇ. ಐದನೇ ವಾರದ ಹೊತ್ತಿಗೆ ಮೇಲ್ವಿಚಾರಕರ ಹತ್ತಿರ ಅರ್ಧ ಗಂಟೆ ಸಮಯ ಕೇಳು. ಬೇಜಾರಾಗಿದೆ ಅನ್ನಬೇಡ, “ಶೀಟಿನ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತಿದೆ, ಉಳಿದ ಹೊತ್ತು ಟೆಸ್ಟ್ ಬೆಂಚಿನ ಹತ್ತಿರ ನಿಲ್ಲಲೇ?” ಅಂತ ಕೇಳು. ಹಾಗೆ ಕೇಳಿದರೆ ಸರ್ಟಿಫಿಕೇಟಿಗೆ ಕುತ್ತು ಬರುತ್ತದೆ ಅನ್ನುವ ಭಯವೂ ಬೇಡ. ಅಲ್ಲಿನ ಕೆಲಸದ ಪ್ರಮಾಣಪತ್ರ ನಿಜ ಹೇಳಬೇಕು, ಜೊತೆಗೆ ಪಡೆದವರ ಮುಂದಿನ ದಾರಿಗೆ ವೃಥಾ ಅಡ್ಡಬರಬಾರದು ಅನ್ನುವುದನ್ನು ಕೋರ್ಟುಗಳೇ ಗಟ್ಟಿ ಮಾಡಿವೆ.

ಒಂದು ಮಾತ್ರ ಬೇರೆಯಾಗಿ ಇಟ್ಟುಕೋ. ನಿನ್ನ ಬಣ್ಣ, ದೇಶ, ಹೆಣ್ಣು ಅನ್ನುವುದನ್ನು ಹಿಡಿದು ಯಾರಾದರೂ ಕೀಳಾಗಿ ನಡೆದುಕೊಂಡರೆ ಅದಕ್ಕೆ ಸಲಹೆಯ ಧಾಟಿ ಬೇಕಿಲ್ಲ, ದೂರೇ ಕೊಡು. 2006ರ ಸಮಾನತೆಯ ಕಾಯ್ದೆ ಅಲ್ಲಿದೆ, ನೌಕರರೇ ಆರಿಸಿದ ಕಾರ್ಮಿಕ ಮಂಡಳಿಯೂ ಬಹಳಷ್ಟು ದೊಡ್ಡ ಕಂಪನಿಗಳಲ್ಲಿ ಇರುತ್ತದೆ. ದಿನಾಂಕ, ಹೊತ್ತು, ಆಡಿದ ಮಾತು ಬರೆದಿಟ್ಟುಕೊಂಡು ಹೋಗು, ನನಗೂ ಫೋನ್ ಮಾಡು.

ಹೊರಡುವ ವಾರ ‘ನಾವು ಏನು ಸುಧಾರಿಸಬಹುದು?’ ಅಂತ ಸಾಮಾನ್ಯವಾಗಿ ಕೇಳುತ್ತಾರೆ, ನಿಜವಾಗಿಯೂ ಕೇಳುತ್ತಾರೆ. ‘ಎಲ್ಲ ಚೆನ್ನಾಗಿತ್ತು, ಥ್ಯಾಂಕ್ಸ್’ ಅಂತ ಎದ್ದು ಬರಬೇಡ. ಲಾಗಿನ್ ಸಿಗಲು ಎಷ್ಟು ದಿನ ಹಿಡಿಯಿತು, ಯಾವ ಹಾಳೆ ಹಳೆಯದು, ಯಾರು ಕೂರಿಸಿ ಹೇಳಿಕೊಟ್ಟದ್ದರಿಂದ ಕೆಲಸ ಹತ್ತಿತು ಎಲ್ಲವನ್ನೂ ಹೇಳು. ಆರು ತಿಂಗಳಾಗುವಷ್ಟರಲ್ಲಿ ಇವೆಲ್ಲ ಅಭ್ಯಾಸವಾಗಿ ನಿನ್ನ ಕಣ್ಣಿಗೇ ಕಾಣದಂತಾಗಿರುತ್ತವೆ. ಅದಕ್ಕೇ ಮೊದಲ ಶುಕ್ರವಾರದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗು.