ವೈನರಿ ನಿಲ್ಲುವಲ್ಲಿ ಡಿಸ್ಟಿಲರಿ ಶುರು

ಪ್ರಶ್ನೆ: ನಂದಿಬೆಟ್ಟದ ಕಡೆ ಹೋದರೆ ವೈನರಿ, ಮೈಸೂರು ರಸ್ತೆ ಹಿಡಿದರೆ ಡಿಸ್ಟಿಲರಿ. ಎರಡರಲ್ಲೂ ತಯಾರಾಗುವುದು ಮದ್ಯವೇ ಅಲ್ಲವೇ? ಬ್ರಾಂಡಿಯೂ ದ್ರಾಕ್ಷಿಯದೇ ಅನ್ನುತ್ತಾರೆ. ಹಾಗಾದರೆ ಅದು ಯಾವುದರ ಲೆಕ್ಕಕ್ಕೆ?

ಉತ್ತರ: ಎರಡೂ ಕಡೆ ಆಲ್ಕೋಹಾಲ್ ಹುಟ್ಟಿಸುವುದು ಯೀಸ್ಟೇ. ಸಕ್ಕರೆ ತಿಂದು ಆಲ್ಕೋಹಾಲ್ ಬಿಡುವುದು ಅದರ ಕಸುಬು. ಆದರೆ ತಾನು ಬಿಟ್ಟದ್ದೇ ಅದಕ್ಕೆ ವಿಷ. ಪ್ರಮಾಣ ಶೇ. 15ರ ಆಸುಪಾಸಿಗೆ ಬಂದರೆ ಸಾಮಾನ್ಯ ಯೀಸ್ಟ್ ಕೈಚೆಲ್ಲುತ್ತದೆ. ವೈನರಿಯ ಕೆಲಸವೆಲ್ಲ ಈ ಗಡಿಯೊಳಗೇ. ದ್ರಾಕ್ಷಿ ಹಿಂಡಿ, ಹುದುಗು ಬರಿಸಿ, ತಿಳಿ ತೆಗೆದು, ಉಕ್ಕಿನ ತೊಟ್ಟಿಯಲ್ಲೋ ಮರದ ಪೀಪಾಯಿಯಲ್ಲೋ ಮಾಗಿಸಿದರೆ ವೈನ್ ಆಯಿತು. ಭಟ್ಟಿಯ ಗೊಡವೆಯೇ ಇಲ್ಲ.

ಭಟ್ಟಿ ಬಂದ ಕೂಡಲೇ ಅದು ಡಿಸ್ಟಿಲರಿ. ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕು, ಆಲ್ಕೋಹಾಲಿಗೆ ಸುಮಾರು 78 ಸಾಕು. ಹಾಗಾಗಿ ಹುದುಗಿದ ದ್ರವವನ್ನು ಕಾಯಿಸಿದರೆ ಏಳುವ ಆವಿಯಲ್ಲಿ ಆಲ್ಕೋಹಾಲಿನ ಪಾಲೇ ಹೆಚ್ಚು. ಅದನ್ನು ತಣಿಸಿ ಹಿಡಿಯುವುದೇ ಭಟ್ಟಿ ಇಳಿಸುವುದು. ಹಳ್ಳಿಯ ಕಳ್ಳಭಟ್ಟಿಯ ತತ್ವವೂ ಇದೇ. ಆದರೆ ಮೊದಲು ಇಳಿಯುವ ಕೆಟ್ಟ ಭಾಗವನ್ನು ಬೇರೆ ಮಾಡುವ ಶಿಸ್ತು ಅಲ್ಲಿ ಇರುವುದಿಲ್ಲ, ಆದ್ದರಿಂದ ಮನೆಯಲ್ಲಿ ಪ್ರಯೋಗ ಬೇಡ. ಕಾನೂನೂ ಬಿಡುವುದಿಲ್ಲ.

ಕಚ್ಚಾವಸ್ತುವಿನ ವಿಷಯದಲ್ಲಿ ವೈನರಿ ತೋಟಕ್ಕೆ ಕಟ್ಟುಬಿದ್ದಿದೆ. ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ನಂದಿಯ ಸುತ್ತ ಬೇಸಿಗೆಯ ಹೊಸ್ತಿಲಲ್ಲಿ ಕೊಯ್ಲು ಬಿದ್ದಾಗ ಹಗಲುರಾತ್ರಿ ಗಡಿಬಿಡಿ. ಡಿಸ್ಟಿಲರಿಯ ಬಾರ್ಲಿಯನ್ನೋ ಕಾಕಂಬಿಯನ್ನೋ ಕೂಡಿಟ್ಟುಕೊಂಡು ವರ್ಷವಿಡೀ ಒಲೆ ಉರಿಸಬಹುದು.

ಹಾಗಂತ ಡಿಸ್ಟಿಲರಿಗೆ ಊರಿನ ಹಂಗಿಲ್ಲ ಎಂದುಕೊಳ್ಳಬೇಡಿ. ಕೆಂಗೇರಿ ಆಚೆಯ ಕಂಬೀಪುರದ ಅಮೃತ್ ಡಿಸ್ಟಿಲರಿಯನ್ನೇ ನೋಡಿ. ವಿಸ್ಕಿ ಓಕ್ ಪೀಪಾಯಿಯಲ್ಲಿ ಮಾಗುವಾಗ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಕಸುಬಿನವರು ಅದಕ್ಕೆ ‘ದೇವತೆಗಳ ಪಾಲು’ ಅನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಈ ನಷ್ಟ ವರ್ಷಕ್ಕೆ ಶೇ. 2ರಷ್ಟು. ಬೆಂಗಳೂರಿನಲ್ಲಿ ಶೇ. 10ನ್ನೂ ದಾಟುತ್ತದೆ! ಅಷ್ಟೇ ವೇಗದಲ್ಲಿ ಮರದ ರುಚಿಯೂ ವಿಸ್ಕಿಗೆ ಇಳಿಯುತ್ತದೆ. ಅಲ್ಲಿ ಹನ್ನೆರಡು ವರ್ಷ ಕಾಯಿಸುವ ಪೀಪಾಯಿಯನ್ನು ಇಲ್ಲಿ ನಾಲ್ಕೈದು ವರ್ಷಕ್ಕೇ ತೆರೆಯಬೇಕು, ತಡಮಾಡಿದರೆ ಉಳಿಯುವುದೇ ಕಡಿಮೆ. ಇದೇ ಬೆಂಗಳೂರು ಸಿಂಗಲ್ ಮಾಲ್ಟನ್ನು ಅಮೃತ್ 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಎಂಟು ವರ್ಷ ತಾಳಿಕೊಂಡ ಒಂದು ವಿಸ್ಕಿಗೆ ಆಮೇಲೆ ಇಟ್ಟ ಹೆಸರು ‘ಗ್ರೀಡಿ ಏಂಜಲ್ಸ್’, ಆಸೆಬುರುಕ ದೇವತೆಗಳು.

ಇನ್ನು ಬ್ರಾಂಡಿ. ಅದಕ್ಕೆ ಎರಡೂ ಬೇಕು: ಮೊದಲು ದ್ರಾಕ್ಷಿಯಿಂದ ವೈನ್, ಆಮೇಲೆ ಭಟ್ಟಿ. ಫ್ರಾನ್ಸಿನ ಕೊನ್ಯಾಕ್ ಸೀಮೆಯಲ್ಲಿ ಹೆಚ್ಚಾಗಿ ಉನಿ ಬ್ಲಾಂ ಎಂಬ ದ್ರಾಕ್ಷಿಯಿಂದ ತೆಳುವಾದ, ಹುಳಿಹುಳಿಯಾದ ವೈನ್ ಮಾಡುತ್ತಾರೆ. ಕುಡಿಯಲು ಅಂಥ ರುಚಿಯಿಲ್ಲ, ತಾಮ್ರದ ಹಂಡೆಯಲ್ಲಿ ಎರಡು ಸಲ ಇಳಿಸಲು ಹೇಳಿಮಾಡಿಸಿದಂತಿದೆ. ನಮ್ಮ ಅಗ್ಗದ ಬ್ರಾಂಡಿಗಳ ಕಥೆ ಬೇರೆ. ಲೇಬಲ್ಲಿನಲ್ಲಿ ದ್ರಾಕ್ಷಿಗೊಂಚಲು ಕಂಡರೂ ಬಾಟಲಿಯೊಳಗಿರುವುದು ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್.