ದೀಪದ ತಂತಿಯೂ ಇಸ್ತ್ರಿಪೆಟ್ಟಿಗೆಯೂ

ವಿದ್ಯುತ್ತಿನ ಒತ್ತಡವನ್ನು ವೋಲ್ಟುಗಳಿಂದಲೂ ಪ್ರವಾಹವನ್ನು ಆಂಪಿಯರುಗಳಿಂದಲೂ ಅಳೆಯುವರೆಂದು ಸೋದರಿಯರು ಬಲ್ಲರಷ್ಟೆ. ಒತ್ತಡವನ್ನು ಪ್ರವಾಹದಿಂದ ಭಾಗಿಸಲು ರೋಧವು ಓಮುಗಳಲ್ಲಿಯೂ, ಗುಣಿಸಲು ಸಾಮರ್ಥ್ಯವು ವಾಟುಗಳಲ್ಲಿಯೂ ದೊರೆಯುವುದು. ಮೊದಲನೆಯ ಸಂಬಂಧವನ್ನು 1827ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಜರ್ಮನಿಯ ಓಮ್ ಎಂಬಾತನು ಶಾಲೆಯ ಉಪಾಧ್ಯಾಯನೇ.

230 ವೋಲ್ಟು ಒತ್ತಡವುಳ್ಳ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯು 4 ಆಂಪಿಯರನ್ನೂ, ತಂತುವುಳ್ಳ ದೀಪವು 0.25 ಆಂಪಿಯರನ್ನೂ ಸೆಳೆಯುವುವೆನ್ನೋಣ. ಪೆಟ್ಟಿಗೆಯ ರೋಧವು 57.5 ಓಮು, ಸಾಮರ್ಥ್ಯವು 920 ವಾಟು. ದೀಪದ ರೋಧವು 920 ಓಮು, ಸಾಮರ್ಥ್ಯವು 57.5 ವಾಟು. (4ನ್ನು 0.25ರಿಂದ ಗುಣಿಸಿದರೆ 1 ಆಗುವುದರಿಂದ ಅಂಕಿಗಳು ಹೀಗೆ ಅದಲುಬದಲಾದುವು. ಇದನ್ನೇ ನಿಯಮವೆಂದು ಭ್ರಮಿಸಬೇಡಿರಿ.) ರೋಧವು ಹೆಚ್ಚಿದಷ್ಟೂ ಕಾವು ಹೆಚ್ಚೆಂದು ಪರೀಕ್ಷೆಯಲ್ಲಿ ಅನೇಕರು ಬರೆಯುವರು, ಒತ್ತಡವು ಒಂದೇ ಆಗಿರುವಲ್ಲಿ ಸಂಗತಿಯು ತಲೆಕೆಳಗು.

ದೀಪದ ತೆಳ್ಳನೆಯ ತಂತಿಗೆ ಪೆಟ್ಟಿಗೆಯನ್ನು ಸಿಕ್ಕಿಸುವವರುಂಟು. ತಂತಿಗೂ ಸ್ವಲ್ಪ ರೋಧವಿರುವುದು. ಅದರಲ್ಲಿ ಇಳಿಯುವ ಒತ್ತಡವೂ ಪ್ರವಾಹದೊಡನೆ ಏರುವುದರಿಂದ, ಪ್ರವಾಹವು 16 ಮಡಿಯಾದರೆ ಕಾವು 256 ಮಡಿಯಾಗುವುದು! ತಂತಿಯ ಹೊದಿಕೆಯು ಮೆತ್ತಗಾಗಿ ಸುಟ್ಟ ವಾಸನೆ ಬಂದೊಡನೆ, ಪೆಟ್ಟಿಗೆಯನ್ನಾಗಲಿ ತಂತಿಯನ್ನಾಗಲಿ ಮುಟ್ಟದೆ, ಮೊದಲು ಸ್ವಿಚ್ಚನ್ನು ಆರಿಸತಕ್ಕದ್ದು.